ಎರಡು ಸೆಕೆಂಡಿಗೊಮ್ಮೆ

ಹಗಲು ನಾನು ರಿಪೇರಿ ಮಾಡುವುದು ಮುನ್ನೂರು ಟನ್ ಹೊರುವ ಗಣಿ ಲಾರಿ,
ಒಂದೊಂದು ಚಕ್ರ ಎರಡಾಳೆತ್ತರ.
ರಾತ್ರಿ, ಕಲಾಮಾ ದಾಟಿ ನಲವತ್ತು ಕಿಲೋಮೀಟರ್,
ದೋನ್ ರುಪೆರ್ತೊನ ಲಾಮಾ ಕೊಟ್ಟಿಗೆಯ ಹಿಂದೆ
ಬೆರಳುಗಾತ್ರದ ಗೇರಿಗೆ ಇಷ್ಟೇ ಇಷ್ಟು ಗ್ರೀಸು ಸವರುತ್ತೇನೆ
ಬೆಂಕಿಕಡ್ಡಿಯ ತುದಿಯಿಂದ.

ಗೇರು ಗೇರೇ. ದೊಡ್ಡದಿರಲಿ ಚಿಕ್ಕದಿರಲಿ
ಹಲ್ಲಿಗೂ ಹಲ್ಲಿಗೂ ನಡುವೆ ಕೂದಲೆಳೆಯ ಸಂದು ಇದ್ದೇ ಇರುತ್ತದೆ.
ಕೆಡುವುದೆಲ್ಲ ಆ ಸಂದಿನಲ್ಲೇ.
ಲಾರಿಯಾದರೆ ಕಿರುಗುಟ್ಟಿ ಹೇಳುತ್ತದೆ.
ಇದು ಹೇಳುವುದಿಲ್ಲ; ನಕ್ಷತ್ರಗಳನ್ನು ಮೊಟ್ಟೆಯಾಕಾರಕ್ಕೆ ಎಳೆದು
ಸುಮ್ಮನಿರುತ್ತದೆ.

ಈ ದಕ್ಷಿಣದಲ್ಲಿ ಧ್ರುವನಿಲ್ಲ.
ಅವನು ಕೂರಬೇಕಾದ ಜಾಗದಲ್ಲಿ ನಾಲ್ಕು ಬಡಪಾಯಿ ಚುಕ್ಕೆ,
ಕಂಡರೆ ಕಂಡವು, ಇಲ್ಲದಿದ್ದರೆ ಇಲ್ಲ.
ಅವನ್ನು ಹುಡುಕಿ ಅಕ್ಷ ಕೂರಿಸುವಷ್ಟರಲ್ಲಿ
ಆಗಸ್ಟಿನ ಚಳಿಗೆ ಬೆರಳು ಮರಗಟ್ಟಿತ್ತು.

ಆಮೇಲೆ ತಂತ್ರಾಂಶದ ಪಾಠ:
ಪಡುವಣಕ್ಕೆ ಹನ್ನೆರಡು ಹೆಜ್ಜೆ, ಹಿಂದಕ್ಕೆ ಹನ್ನೆರಡು,
ಬಡಗಣಕ್ಕೆ ಮೊದಲ ಮೂರು ಹೆಜ್ಜೆ ಕದಲಲೇ ಇಲ್ಲ. ಅದೇ ಸಂದು.
ಪೂರ್ತಿ ತಿದ್ದಬೇಡ, ಮುಕ್ಕಾಲು ಸಾಕು, ಎಂದು ಹೇಳಿಟ್ಟೆ.
ಇಲ್ಲದಿದ್ದರೆ ಹೊಸ ಮೇಸ್ತ್ರಿಯ ಹಾಗೆ
ಗಾಳಿಯ ಮಿಣುಕನ್ನೂ ತಪ್ಪೆಂದು ಬೆನ್ನಟ್ಟುತ್ತದೆ.

ದೊಡ್ಡ ದೂರದರ್ಶಕ ನೋಡುತ್ತಿರುವುದು ಶಿಲ್ಪಿಯ ಗೆಲಾಕ್ಸಿ.
ಅದರ ಬೆನ್ನಿಗೆ ಕಟ್ಟಿದ ಪುಟ್ಟದು ನೋಡುತ್ತಿರುವುದು
ಪಕ್ಕದ ಒಂದು ಚುಕ್ಕೆ. ಹೆಸರಿಲ್ಲ, ಪಟ್ಟಿಯಲ್ಲೊಂದು ಸಂಖ್ಯೆ.
ಫೋಟೋದ ಚೌಕಟ್ಟಿನೊಳಗೂ ಬರುವುದಿಲ್ಲ ಅದು.
ಎರಡು ಸೆಕೆಂಡಿಗೊಮ್ಮೆ ಕೇಳುತ್ತದೆ: ಇದ್ದೀಯಾ?
ಇದ್ದೇನೆ, ಒಂಚೂರು ಎಡಕ್ಕೆ.
ಮೋಟಾರು ಒಂಚೂರು ಸರಿಯುತ್ತದೆ.
ತಪ್ಪು ಎಷ್ಟೆಂದರೆ, ಎರಡು ಕಿಲೋಮೀಟರ್ ಆಚೆ
ಯಾರೋ ಎತ್ತಿ ಹಿಡಿದ ಕಿರುಬೆರಳಿನ ಉಗುರಿನಗಲ.

ದೋನ್ ರುಪೆರ್ತೊ ಕಂಬಳಿ ಹೊದ್ದು ಬಂದು ಇಣುಕಿದ.
“ಒಂದನ್ನು ನೋಡುವುದಕ್ಕೆ ಇನ್ನೊಂದನ್ನು ನೋಡುತ್ತೀಯೇನು?”
ಹೂಂ ಅಂದೆ.
“ನಮ್ಮಜ್ಜಿ ನಕ್ಷತ್ರವನ್ನೇ ನೋಡುತ್ತಿರಲಿಲ್ಲ.
ನಡುವಿನ ಕಪ್ಪನ್ನು ನೋಡುತ್ತಿದ್ದಳು.”
ಬೆರಳು ಚಾಚಿ ತೋರಿಸಿದ, ಕ್ಷೀರಪಥದೊಳಗೆ
ಕತ್ತು ನೀಡಿದ ಕರಿ ಲಾಮಾ, ಅದರ ಮರಿ.
ಅದನ್ನು ಹಿಂಬಾಲಿಸು ಎನ್ನಲು
ನನ್ನ ಪರದೆಯ ಮೇಲೆ ಬಟನ್ನಿಲ್ಲ.

ಮೂರು ನಲವತ್ತಕ್ಕೆ ಲಾಮಾಗಳು ಒಟ್ಟಿಗೆ ಎದ್ದು ನಿಂತವು.
ಆಮೇಲೆ ನೆಲ.

ಕೆಂಪು ಗೆರೆ ನೀಲಿ ಗೆರೆ ಎರಡೂ ಪರದೆಯಾಚೆ ಜಿಗಿದವು.
ಥರ್ಮಾಸು ಉರುಳಿತು. ಹನ್ನೊಂದು ಸೆಕೆಂಡು.
ನಮ್ಮ ಕಡೆ ಇದು ದೊಡ್ಡ ಮಾತಲ್ಲ.
ಲ್ಯಾಪ್‌ಟಾಪು ಮಾತ್ರ ಕುಂಯ್‌ಗುಟ್ಟುತ್ತಲೇ ಇತ್ತು
ನಕ್ಷತ್ರ ಕಳೆದುಹೋಗಿದೆ, ನಕ್ಷತ್ರ ಕಳೆದುಹೋಗಿದೆ.
ಅಲ್ಲ ಮಾರಾಯ, ಕದಲಿದ್ದು ನಾವು.

ಜೇಬಿನಲ್ಲಿ ಫೋನು. ಆಸ್ಪತ್ರೆಯ ರಾತ್ರಿ ಪಾಳಿಯಿಂದ ಎದುವೀಹೆಸ್.
ಇಪ್ಪತ್ತೆರಡು ವರ್ಷ, ನೆಲ ಅಲುಗಿದಾಗೆಲ್ಲ
ಅವಳದು ಒಂದೇ ಮಾತು:
ಇದ್ದೀಯಾ?
ಕೈಗವಸನ್ನು ಹಲ್ಲಿನಿಂದ ಕಿತ್ತು
ಇದ್ದೇನೆ ಎಂದು ಒತ್ತಿದೆ.

ಚುಕ್ಕೆಯೂ ಸಿಕ್ಕಿತು, ಇದ್ದಲ್ಲೇ.

ಬೆಳಿಗ್ಗೆ ಐದೈದು ನಿಮಿಷದ ಮೂವತ್ತೊಂದು ಚಿತ್ರ
ಒಂದರ ಮೇಲೊಂದು ಪೇರಿಸಿದೆ.
ಹದಿನೇಳನೆಯದನ್ನು ತಂತ್ರಾಂಶ ತಾನೇ ತಳ್ಳಿಹಾಕಿತು:
ಪ್ರತಿ ನಕ್ಷತ್ರಕ್ಕೂ ಅದೇ ಬಾಲ, ಅದೇ ಕೊಕ್ಕೆ, ಅದೇ ನಡುಕ,
ಒಂದೇ ಕೈ ಸಾವಿರ ಸಲ ಹಾಕಿದ ರುಜುವಿನ ಹಾಗೆ.
ಗೆಲಾಕ್ಸಿ ಚೆನ್ನಾಗಿಯೇ ಬಂದಿದೆ,
ಒಂದು ಮೂಲೆಗೆ ಗಣಿಯ ದೀಪದ ಕೆಂಪು ಮೆತ್ತಿದ್ದು ಬಿಟ್ಟರೆ.
ದೀಪ ನಾನು ದುಡಿಯುವಲ್ಲಿನವೇ; ದೂರುವುದು ಯಾರಿಗೆ?

ಕೊಟ್ಟಿಗೆಯ ಬಾಗಿಲಿಗೆ ಅಂಟಿಸಲು ದೋನ್ ರುಪೆರ್ತೊ
ಹದಿನೇಳನೆಯದನ್ನು ಕೇಳಿಕೊಂಡು ಹೋದ.