ಋ

ಮೊದಲು ಕೇಳಬೇಕ್ರಿ, ನೋಡೂದು ಆಮ್ಯಾಲೆ.
ಕಿವಿಗೆ ಹಿಡಿದ್ರ ಸೆಕೆಂಡಿಗೆ ಐದು ಪೆಟ್ಟು.
ಇದರದೂ ಐದ, ಆದ್ರ ಒಂದು ಕುಂಟತದ.

ಬಾಳಿವೇಸದ ಈ ಮೂರು ಫೂಟಿನ ಅಂಗಡಿಯೊಳಗ
ಎಷ್ಟು ಸುಳ್ಳು ಬಿಚ್ಚೀನೋ ಲೆಕ್ಕಿಲ್ಲ.
ಪುಣೆಯಿಂದ ಬರ್ತಾರ, ಹೈದರಾಬಾದಿನಿಂದ ಬರ್ತಾರ,
ಹಳೇ ಘಡಿಯಾಳ ರುಮಾಲಿನ್ಯಾಗ ಕಟಗೊಂಡು:
ಅಸಲಿ ಏನ್ರಿ? ಎಷ್ಟಾದೀತು?
ನಾ ಮುಖಾ ನಂಬಂಗಿಲ್ಲ.
ಮುಖಕ್ಕ ಮುಂಬೈಯೊಳಗ ಹೊಸಾ ಬಣ್ಣ ಬಳದು ಕೊಡ್ತಾರ,
ಸ್ವಿಸ್ ಅಂತ ಬರಿಯಾವ್ರು ಎಸ್ಸಿನ ಬಾಲ ಮಾತ್ರ
ಯಾವಾಗಲೂ ಒಂಚೂರು ದಪ್ಪ ಮಾಡ್ತಾರ.

ಇವತ್ತ ಮಹಾನಂದಾ ಹತ್ತುರೆ ತಂದದ್ದು ಬ್ಯಾರೆ.
ಡಯಲ್ ಖರೇದು. ಕಾಸಿ ಕಾಸಿ ಕೆಂಪಾದ ಹಾಲಿನಂಗ
ಅಂಚಿಗೆ ಬಣ್ಣ ತಿರುಗೇದ;
ಅದನ್ನ ಬರೀಲಿಕ್ಕ ಯಾವ ಕುಂಚಕ್ಕೂ ಆಗೂದಿಲ್ಲ.
ಮುಳ್ಳು ಖರೇವು. ಕೀಲಿಗುಬ್ಬಿ ಒಂದ ಹೆಬ್ಬಟ್ಟಿಗೆ ಸವದದ್ದು.
"ನಮ್ಮಪ್ಪಂದ್ರಿ. ಮಿಲ್ಲಿನವರು ಕೊಟ್ಟದ್ದು.
ಮಗ್ಗಖಾತೆ ಜಾಬರ್, ಇಪ್ಪತ್ತೈದು ವರ್ಷ.
ಭೋಂಗಾ ಆಗೂಕಿಂತ ಮೊದಲ ಇದನ್ನ ನೋಡಿ ಹೊಂಡತಿದ್ದ.
ಮಾರಬೇಕಂತಿಲ್ಲ. ತಮ್ಮಂದ್ರು ಕಿಮ್ಮತ್ತು ಕೇಳ್ಯಾರ."

ಮುಚ್ಚಳ ತಿರುವಿದೆ.
ಕಣ್ಣಿಗೆ ಗಾಜು ಕಚ್ಚಿಸಿಕೊಂಡೆ.

ಹದಿನೇಳು ಕಲ್ಲು ಇರಬೇಕಾದಲ್ಲಿ ಒಂದೂ ಇಲ್ಲ.
ದಾಳಿಂಬರ ಕಾಳಿನಂಥ ಆ ಕೆಂಪು ಎಲ್ಲೂ ಇಲ್ಲ.
ಹಿತ್ತಾಳಿಗೆ ಬರೇ ತೂತು, ತೂತಿನ ತುಂಬ ಕರೇ ಎಣ್ಣಿ.
ಡಯಲಿನ ಎರಡೂ ಕಾಲು ಕತ್ತರಿಸಿ
ಮ್ಯಾಲೆ ಅಂಟು ಹಾಕಿ ಕೂಡಿಸ್ಯಾರ.
ಆದ್ರ ಸ್ಕ್ರೂ ತಲಿ ಒಂದೂ ಕೆಟ್ಟಿಲ್ಲ, ಒಂದು ಗೀರಿಲ್ಲ,
ಉಸಿರು ಹಿಡಿದು ಮಾಡಿದ ಕೆಲಸ.
ಕಳ್ಳನ ಕೈ ಇಷ್ಟು ಸಾವಕಾಶ ಇರೂದಿಲ್ಲ, ಅಂದ್ಕೊಂಡೆ.

ಆಮ್ಯಾಲೆ ಮುಚ್ಚಳದ ಒಳಮೈ ಬೆಳಕಿಗೆ ಹಿಡಿದೆ.
ದುರಸ್ತಿ ಮಾಡಿದಾವ ಅಲ್ಲಿ ಸೂಜಿಲೆ ಗೀರಿ ಇಡ್ತಾನ.
ಗಿರಾಕಿಗೆ ಅದು ಕಾಣಬಾರದು,
ಮುಂದಿನ ಕಸಬುದಾರಗ ಕಾಣಬೇಕು;
ನಮ್ಮ ನಮ್ಮೊಳಗಿನ ಟಪಾಲು.
೧೧೪, ಅಂತಿತ್ತು. ಹರತಾಳದ ವರ್ಷ.
ನಾಕರ ಬಾಯಿ ಅಗಲ ತೆರದದ್ದು.
ಮಗ್ಗಲಕ ಒಂದು ಋ.

ನಮ್ಮಪ್ಪ ರೇವಪ್ಪ ಬುರಕುಲೆ ನಾಕನೇತ್ತೆ ಕಲತಾವ.
ಅಂಗಡಿ ಮ್ಯಾಲಿನ ಬೋರ್ಡು ಮರಾಠಿ, ಒಳಗಿನ ವಹಿ ಕನ್ನಡ.
ಅಕ್ಷರಮಾಲಿಯೊಳಗ ಯಾರಿಗೂ ಬ್ಯಾಡಾದ ಆ ಒಂದ ಅಕ್ಷರ
ಆ ವಹಿಯೊಳಗ ಪುಟಾ ಪುಟಾ ಬರದಾನ.
ಋ ಅಂದ್ರ ಋಣ.
ಯಾರದು ಯಾರಿಗೆ, ಅದನ್ನ ಬರದಿಲ್ಲ.
ಅವಗ ನೆನಪಿತ್ತು.

ಒಂಬತ್ತು ತಿಂಗಳು ಮಗ್ಗ ನಿಂತಿದ್ವು.
ಜಾಬರ್ ಬಂದಿರಬೇಕು ಒಂದು ರಾತ್ರಿ, ಅರ್ಧ ಶಟರ್ ಎತ್ತಿ:
ಒಳಗಿಂದು ಇಟಗೋ ರೇವಪ್ಪಾ, ರೊಕ್ಕಾ ಕೊಡು.
ಮ್ಯಾಲಿಂದು ಹಂಗ ಇರಲಿ,
ಮನಿಯಾಗ ಟಿಕ್ ಟಿಕ್ ಕೇಳಬೇಕು.
ಹಿಂಗಾಗಿರಬೇಕು.

ಇಲ್ಲಾಂದ್ರ ತೊಳೀಲಿಕ್ಕ ಕೊಟ್ಟು ಹೋಗಿದ್ದ,
ಅಪ್ಪಗ ಆ ಕೆಂಪು ಕಲ್ಲು ಕಂಡ್ವು,
ಹಿಂದ ನನ್ನ ಫೀ ಕಟ್ಟೂದಿತ್ತು.
ಹಿಂಗೂ ಆಗಿರಬೇಕು.
ಗಾಜು ಹತ್ತುಪಟ್ಟು ದೊಡ್ಡದು ಮಾಡಿ ತೋರಿಸ್ತದ;
ದೊಡ್ಡ ಋ ಕಾಣತದ, ಅಷ್ಟ.

"ಏನಂತೀರಿ? ಅಸಲಿ ಹೌದಲ್ರಿ?"
ಹೊರಗ ಚಾದರ ಹೇರಿದ ಟೆಂಪೋ ಒಂದು
ಹಿಂದಕ್ಕ ಬರಲಾರದ ಹಾರ್ನ್ ಹೊಡೀಲಿಕ್ಕತ್ತಿತ್ತು.

ನನ್ನ ಎಡಗೈ ಮ್ಯಾಲೆ
ಮ್ಯಾಟ್ರಿಕ್ ಪಾಸಾದಾಗ ಅಪ್ಪ ಕಟ್ಟಿದ್ದು ಒಂದದ.
ತಗಡಿನ ಕೇಸು, ಹೆಸರಿಲ್ಲದ ಮುಖ,
ಒಳಗ ಹದಿನೇಳು ಕಲ್ಲು.
ಅಪ್ಪನ ಜಾಣತನ ಅಂತ ತಿಳಿದು
ನಲವತ್ತು ವರ್ಷ ಮುಂಜಾನೆಗೊಮ್ಮೆ ಕೀಲಿ ಕೊಟ್ಟೀನಿ;
ಊರ ಘಡಿಯಾಳಕ್ಕೆಲ್ಲಾ ಕೇಳಿದ ಮಾತು
ಇದಕ್ಕ ಒಂದಿನಾನೂ ಕೇಳಿಲ್ಲ.

ಕೂಡ್ರಿ ಅಕ್ಕಾ, ಅಂದೆ.
ಎರಡು ಚಹಾಕ್ಕ ಹೇಳಿದೆ.
ಪಟ್ಟಿ ಬಿಚ್ಚಿದೆ. ಬಿಸಲು ಕಾಣದ ಬಿಳೇ ಗುರುತು ಮಣಿಕಟ್ಟಿಗೆ.
ಅವರ ಮುಚ್ಚಳದ ಮಗ್ಗಲಕ ನನ್ನ ಮುಚ್ಚಳ ಇಟ್ಟೆ,
ಒಳಮೈ ಮ್ಯಾಲಕ ಮಾಡಿ.