ಮೂರನೇ ಕಟ್ಟೆ

ಇಪ್ಪತ್ತೊಂಬತ್ತು ಅಡಿ ಉದ್ದದ ಮನೆಯನ್ನು
ಹಿಮ್ಮುಖವಾಗಿ ನಡೆಸುವುದೆಂದರೆ
ನಲವತ್ತೊಂದು ವರ್ಷದ ದಾಂಪತ್ಯವನ್ನು
ಪಕ್ಕದ ಕನ್ನಡಿಯಲ್ಲಿ ನಂಬುವುದು.
ಹಿಂದೆ ನಿಂತು ಕೈಬೀಸುತ್ತಿದ್ದಾಳೆ ಐಡೆಲ್ಲಾ.
ಬಾ ಬಾ ಎನ್ನುವ ಕೈಯೂ ಅದೇ,
ನಿಲ್ಲೋ ಮಾರಾಯ ಎನ್ನುವ ಕೈಯೂ ಅದೇ.
ಕಂಬಕ್ಕೆ ಒಂದು ಗೇಣು ಉಳಿದಾಗ ನಾನೇ ನಿಂತೆ.
ಅವಳು ನಿಲ್ಲಿಸಿದಳೆಂದೇ
ಇನ್ನು ಎಲ್ಲರಿಗೂ ಹೇಳುವುದು.

ಗಾಳಿ. ಉಪ್ಪುಮಣ್ಣಿನ ವಾಸನೆ.
ಆರೆಗನ್ನಿನ ಈ ಮೂಲೆಯಲ್ಲಿ ಮರವೆಂದರೆ ಐದೇ,
ಐದೂ ಕಚೇರಿಯ ಹಿಂದೆ, ಚಳಿಗೆ ಒತ್ತಿಕೊಂಡು.
ಉಳಿದದ್ದೆಲ್ಲ ಬೂದುಹಸಿರು ಕುರುಚಲು,
ಆಮೇಲೆ ಜೊಂಡು, ಆಮೇಲೆ ನೀರು,
ಆಮೇಲಿನದು ನೀರೋ ಆಕಾಶವೋ
ಕನ್ನಡಕ ಒರೆಸಿಕೊಂಡರೂ ತಿಳಿಯದು.

ನೀರಿನ ಕೊಳವೆ, ಕರೆಂಟಿನ ತಂತಿ,
ಕೊನೆಗೆ, ಯಾರೂ ಫೋಟೋ ತೆಗೆಯದ ಆ ದಪ್ಪ ಪೈಪು.
ಮೂರೂ ಸಿಕ್ಕಿಸಿದರೆ ಊರು ಸೇರಿದಂತೆ.
ವಾರಕ್ಕೆ ಇಪ್ಪತ್ತನಾಲ್ಕು ಗಂಟೆ ದುಡಿಮೆ,
ಬದಲಿಗೆ ಈ ಸಿಮೆಂಟು ಕಟ್ಟೆ, ನಂಬರು ಮೂರು.
ಕೂಲಿ ಇಲ್ಲ, ಬಾಡಿಗೆಯೂ ಇಲ್ಲ.
ಮಗಳಿಗೆ ಈ ಲೆಕ್ಕ ಇನ್ನೂ ಅರ್ಥವಾಗಿಲ್ಲ.

ಡೆಲ್ಫೀನ್ ಒಚೋವಾ ಬಂದಳು, ಮೊಣಕಾಲಿನವರೆಗೆ ಕೆಸರು,
ತೋಳಲ್ಲಿ ಮಡಚಿದ ಎರಡು ಕಂದು ಅಂಗಿ,
ಹೋದ ವರ್ಷ ಯಾರೋ ತೊಟ್ಟು ಬಿಟ್ಟದ್ದು.
ನನ್ನದರ ಜೇಬಿನಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ.
ಅರ್ಜಿಯಲ್ಲಿ ಒಂದು ಗೆರೆ ಖಾಲಿ ಬಿಟ್ಟಿದ್ದೀರಿ, ಅಂದಳು.
ಕಾಯಂ ವಿಳಾಸ.

ಮೂವತ್ತು ವರ್ಷ ಅಂಚೆ ಹಂಚಿದವನು ನಾನು,
ಟೊಲೀಡೊದ ಆರು ಬೀದಿ, ನಾನೂರ ಹನ್ನೆರಡು ಡಬ್ಬಿ.
ಯಾವ ಮನೆಯ ನಾಯಿಗೆ ಯಾವ ಬಿಸ್ಕತ್ತು,
ಯಾವ ಬಾಗಿಲ ಹಿಂದೆ ಯಾರು
ಯಾವ ಕಾಗದ ಬಾರದಿರಲೆಂದು ಕಾಯುತ್ತಿದ್ದರು,
ಈಗಲೂ ಬಾಯಿಪಾಠ.
ವಿಳಾಸವಿಲ್ಲದ ಕಾಗದದ ಗತಿ
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಪೆನ್ನು ಹಿಡಿದು ನಿಂತೇ ಇದ್ದೆ.
ಐಡೆಲ್ಲಾ ಕಿತ್ತುಕೊಂಡು ಬರೆದಳು, ದಪ್ಪಕ್ಷರದಲ್ಲಿ:
ಮೂರನೇ ಕಟ್ಟೆ, ಮೇ ಕೊನೆಯತನಕ.
ಡೆಲ್ಫೀನ್ ನಕ್ಕಳು. ಒಪ್ಪಿದಳೋ ಇಲ್ಲವೋ,
ಕಾಗದವನ್ನಂತೂ ಮಡಚಿ ಇಟ್ಟುಕೊಂಡಳು.

ಹಕ್ಕಿ ಎಣಿಸುವ ಕೆಲಸವೆಂದುಕೊಂಡಿದ್ದೆ.
ಸಿಕ್ಕಿದ್ದು ಶೌಚಾಲಯದ ಬೀಗದಕೈ,
ಹಳೆಯ ಮುಳ್ಳುತಂತಿ ಕೀಳಲು ಚರ್ಮದ ಕೈಗವಸು.
ಎಂಟು ಮೈಲಿ ಬೇಲಿ ಇದೆ,
ಜಿಂಕೆಮರಿಗಳು ಸಿಕ್ಕಿಕೊಳ್ಳುತ್ತವೆ, ಅಂದಳು.
ಹಕ್ಕಿಗಳನ್ನು ಯಾರು ಎಣಿಸುತ್ತಾರೆ?
ತಾವೇ ಎಣಿಸಿಕೊಳ್ಳುತ್ತವೆ ಬಿಡಿ, ಅಂದವಳೇ
ಟ್ರಕ್ಕು ಹತ್ತಿ ಹೋದಳು, ಧೂಳು ಮಾತ್ರ ಬಹಳ ಹೊತ್ತು ನಿಂತಿತ್ತು.

ಸಂಜೆ. ನೆಲ ಸಮವಾಯಿತೇ ಎಂದು ನೋಡಲು
ಐಡೆಲ್ಲಾಳ ಹತ್ತಿರ ರಸಮಟ್ಟವಿಲ್ಲ, ಕೋಳಿಮೊಟ್ಟೆಯಿದೆ.
ಮೇಜಿನ ನಡುವೆ ಇಟ್ಟು ಕೈಬಿಡುತ್ತಾಳೆ,
ಪ್ರತಿ ಹೊಸ ಜಾಗದಲ್ಲೂ ಇದೇ ಶಾಸ್ತ್ರ.
ಮೊಟ್ಟೆ ಕೊಂಚ ಯೋಚಿಸಿತು.
ಆಮೇಲೆ ಮೆಲ್ಲಗೆ ಹೊರಳಿತು, ಪಡುವಲಿಗೆ,
ನೀರಿನ ಕಡೆಗೆ.

ಅದೇ ಹೊತ್ತಿಗೆ ಹೊರಗೆ ಶುರುವಾಯಿತು
ತುಕ್ಕು ಹಿಡಿದ ಸಾವಿರ ಬಾಗಿಲು ಒಟ್ಟಿಗೆ ತೆರೆದಂಥ ಸದ್ದು.
ಬೂದುಕೊಕ್ಕರೆಗಳು.
ಸಾಲಿನ ಹಿಂದೆ ಸಾಲು, ಉದ್ದನೆಯ ಕಾಲು ಇಳಿಬಿಟ್ಟು,
ಗಾಳಿಗೆ ಎದುರಾಗಿ,
ಹಿಂದೆ ನಿಂತು ಯಾರೂ ಕೈಬೀಸದೆಯೇ
ಇಳಿದವು, ಇಳಿಯುತ್ತಲೇ ಇದ್ದವು.

ಎಣಿಸಿದೆ. ನಾನೂರ ಹನ್ನೆರಡಕ್ಕೆ ನಿಲ್ಲಿಸಿದೆ, ಹಳೇ ಚಾಳಿ.
ಮೊಟ್ಟೆ ಅಂಚಿಗೆ ಬಂದಾಗ ಐಡೆಲ್ಲಾ ಅಂಗೈ ಒಡ್ಡಿದಳು,
ಕಣ್ಣು ಕಿಟಕಿಯಲ್ಲೇ ಇತ್ತು.
ಚಕ್ರದಡಿ ಇನ್ನೊಂದು ಹಲಗೆ ಕೊಡಲೇ? ಅಂದೆ.
ಬೇಡ, ಇಷ್ಟು ಓರೆ ಇರಲಿ, ಅಂದಳು.

ಬೆಳಿಗ್ಗೆ ಏಳಕ್ಕೆ ಶೌಚಾಲಯ ತೆರೆಯಬೇಕು.