ರುಜು

ವೆರಾಕ್ರೂಸಿನ ಬಂದರಿನಿಂದ ಮೀನುಪೇಟೆಯವರೆಗೆ
ಹಳದಿ ಟ್ರಾಮು. ಅದರಲ್ಲಿ ನಮ್ಮಪ್ಪ ಟಿಕೆಟ್ಟು ಹರಿಯುವವನು,
ನಿಕಾನೋರ್ ಉಸ್ಕಾಂಗಾ, ಟೋಪಿಯ ನಂಬರು ನಲವತ್ತೊಂದು.
ಮುಖ ಮಾತ್ರ ಅವನದಲ್ಲ.

ಮುಖ ಎವಾರಿಸ್ತೊ ಲೊಸಾದಾನದು.
ಕುದುರೆಯ ಮೇಲೆ ಕೂತು ಕಣ್ಣು ಕಿರಿದು ಮಾಡಿದರೆ
ಬಾಲ್ಕನಿಯ ಹೆಂಗಸರು ಬೀಸಣಿಗೆ ಮರೆಯುತ್ತಿದ್ದ
ಆ ಎವಾರಿಸ್ತೊ.
ಅದೇ ಹುಬ್ಬು, ಅದೇ ಎಳೆ ಮೀಸೆ, ಗದ್ದದ ಗುಳಿ,
ನಗುವಾಗ ಬಲಕ್ಕೆ ಜಾರುವ ತುಟಿ ಕೂಡ.
ಒಬ್ಬರ ಹಾಗೆ ಏಳು ಜನ ಇರುತ್ತಾರಂತೆ ಲೋಕದಲ್ಲಿ.
ಉಳಿದ ಐವರು ಎಲ್ಲಿದ್ದರೋ, ಪುಣ್ಯವಂತರು.

"ಸಹಿ ಹಾಕು" ಅಂತ ಟಿಕೆಟ್ಟು ಚಾಚುತ್ತಿದ್ದರು.
ಅಪ್ಪನಿಗೆ ಅಕ್ಷರ ಅಷ್ಟಕ್ಕಷ್ಟೆ.
ಸೊಂಟದ ಪಂಚು ತೆಗೆದು
ಕಟಕ್ಕೆಂದು ಒಂದು ತೂತು ಹೊಡೆದು ಕೊಡುತ್ತಿದ್ದ,
"ತಗೊಳ್ಳಿ, ನನ್ನ ರುಜು."
ಆ ತೂತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದವರೂ ಇದ್ದರು.
ಅಮ್ಮ ಮಾತ್ರ ಸಿನಿಮಾಕ್ಕೆ ಹೋಗುತ್ತಿರಲಿಲ್ಲ.
"ಆ ಮೋರೆ ಇನ್ನೊಬ್ಬಳಿಗೆ ಮುತ್ತಿಡೋದನ್ನ
ದುಡ್ಡು ಕೊಟ್ಟು ಯಾಕೆ ನೋಡಲಿ?"

ನಾನು ಎರಡನೇ ಕ್ಲಾಸಿನಲ್ಲಿದ್ದಾಗ
ಎವಾರಿಸ್ತೊನ ಕಾರು ಕಣಿವೆಗೆ ಬಿತ್ತು.
ಮರುದಿನ ಅಪ್ಪ ಎಂದಿನಂತೆ ಕೆಲಸಕ್ಕೆ ಹೋದ.
ಅದು ತಪ್ಪಾಯಿತು.
ಒಬ್ಬಳು ಅವನ ಕೈ ಹಿಡಿದು ಮೂರು ನಿಲ್ದಾಣ ಅತ್ತಳು.
ಸೀಗಡಿ ಬುಟ್ಟಿಯವಳು ಕೆನ್ನೆಗೆ ಬಾರಿಸಿದಳು
"ಸಾಯೋದಾದರೆ ನೀನು ಸಾಯಬಾರದಿತ್ತಾ" ಅಂತ,
ಆಮೇಲೆ ಅದೇ ಕೆನ್ನೆ ಸವರಿ ಟಿಕೆಟ್ಟು ಕೇಳಿದಳು.
ಕಂಪನಿ ಹದಿನೈದು ದಿನ ರಜೆ ಕೊಟ್ಟಿತು, ಸಂಬಳವಿಲ್ಲದೆ.
ಅಪ್ಪ ಮೀಸೆ ಬೋಳಿಸಿದ.
ಮೀಸೆಯಿಲ್ಲದ ಎವಾರಿಸ್ತೊ ಆದ, ಅಷ್ಟೆ.

ಆ ನವೆಂಬರಿನಲ್ಲಿ ಸತ್ತವರ ಹಬ್ಬ, ಊರೆಲ್ಲ ಚೆಂಡುಹೂ.
ಕಪ್ಪು ಶಾಲಿನ ಮುದುಕಿಯೊಬ್ಬಳು ಹತ್ತಿದಳು.
ಕೊನೆಯ ನಿಲ್ದಾಣ ಬಂತು, ಇಳಿಯಲಿಲ್ಲ.
ಹೋದಳು, ಬಂದಳು, ಹೋದಳು.
ಮೂರು ಸಲವೂ ಟಿಕೆಟ್ಟು ಕೊಂಡಳು.
ಕೊನೆಗೆ ಕೈ ಚಾಚಿ
ಅಪ್ಪನ ಎಡಗಿವಿ ಮಡಿಸಿ ಅದರ ಹಿಂದೆ ನೋಡಿದಳು.
"ಇಲ್ಲ. ಮೇಕೆ ಹಾಯ್ದ ಗಾಯ ಇಲ್ಲ."
ಯಾವ ಪತ್ರಿಕೆಯೂ ಬರೆಯದ ಗಾಯ.

ಆಮೇಲೆ ವರ್ಷಕ್ಕೊಮ್ಮೆ ಬಂದಳು,
ಅಳುವುದಕ್ಕಲ್ಲ, ಲೆಕ್ಕ ನೋಡುವುದಕ್ಕೆ.
"ಓ, ಕಿವಿಯ ಹತ್ತಿರ ಮೊದಲು ನೆರೆಯುತ್ತಿತ್ತು ಹಾಗಾದರೆ."
"ಈ ವರ್ಷ ಹೊಟ್ಟೆ ಬಂದಿರುತ್ತಿತ್ತು."
"ಕನ್ನಡಕ ಬೇಕಾಯಿತಾ? ಅವರಪ್ಪನಿಗೂ ಹೀಗೇ, ನಲವತ್ತೈದಕ್ಕೆ."
ಟ್ರಾಮು ಎಷ್ಟು ಕುಲುಕಿದರೂ ಅಪ್ಪ ಅಲುಗದೆ ನಿಲ್ಲುತ್ತಿದ್ದ,
ದರ್ಜಿಗೆ ಅಳತೆ ಕೊಡುವವನ ಹಾಗೆ.
ಮುಂದಿನ ಹಲ್ಲು ಬಿದ್ದ ದಿನ ಮನೆಯಲ್ಲಿ ಅವನು ಅಂದದ್ದು ಇಷ್ಟೇ:
"ಅಜ್ಜಿಗೆ ಇದನ್ನ ಹೇಗೆ ತೋರಿಸಲಿ?"

ಒಂದು ನವೆಂಬರು ಆಕೆ ಬರಲಿಲ್ಲ.
ಅಪ್ಪ ಆಮೇಲೆ ಬೇಗ ಮುದುಕನಾದ.

ಈಗ ಟ್ರಾಮಿಲ್ಲ, ಅಪ್ಪನೂ ಇಲ್ಲ.
ಮೊನ್ನೆ ರಾತ್ರಿ ಟಿವಿಯಲ್ಲಿ ಕಪ್ಪುಬಿಳುಪು ಕುದುರೆ,
ಅದರ ಮೇಲೆ ಎವಾರಿಸ್ತೊ.
ನನ್ನ ಮೊಮ್ಮಗ ಪರದೆ ನೋಡಿದ, ಗೋಡೆಯ ಫೋಟೋ ನೋಡಿದ,
"ಯಾರಿವನು, ಮುತ್ತಜ್ಜನ ಥರ ವೇಷ ಹಾಕಿರೋದು?"
ನಾನು ತಿದ್ದಲಿಲ್ಲ.
ಡ್ರಾಯರಿನಲ್ಲಿದ್ದ ಪಂಚಿಗೆ ತುಕ್ಕು. ಎಣ್ಣೆ ಬಿಟ್ಟು
ಕರೆಂಟ್ ಬಿಲ್ಲಿನ ಮೂಲೆಗೆ ಕಟಕ್ಕೆನಿಸಿದೆ,
ತೂತಿಗೆ ಕಣ್ಣಿಟ್ಟು ಪರದೆ ನೋಡಿದೆ.
ಕುದುರೆ ತಿರುಗಿತು. ಎಡಗಿವಿ ಬಂತು.
ಹ್ಯಾಟಿನ ನೆರಳು ಬಿತ್ತು ಅದರ ಮೇಲೆ.